ಹದಿನಾಲ್ಕನೇ ಪ್ರಶ್ನೆಯ ತಪ್ಪು ಉತ್ತರ

ನಮ್ಮ ಸರ್‌ಗೆ ಸರಿ ಉತ್ತರ ಕಂಡರೆ ಆಗುವುದಿಲ್ಲ! ಉತ್ಪ್ರೇಕ್ಷೆ ಎನ್ನಬೇಡಿ. ಮೂವತ್ತಕ್ಕೂ ಹೆಚ್ಚು ವರ್ಷ ಮೂಡಬಿದಿರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ ಈ ಮನುಷ್ಯ, ನೂರಕ್ಕೆ ನೂರು ತೆಗೆದ ಹುಡುಗಿಯ ಉತ್ತರ ಪತ್ರಿಕೆಯನ್ನು ತಿದ್ದಿ ಮುಗಿಸಿ, ಮುಖ ಹುಳ್ಳಗೆ ಮಾಡಿಕೊಂಡು, "ಇದರಲ್ಲಿ ಓದ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಎಲ್ಲ ಪುಸ್ತಕದಲ್ಲಿ ಇದ್ದದ್ದೇ!" ಎಂದು ಮೇಜಿನ ಆಚೆಗೆ ತಳ್ಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಮನುಷ್ಯ ಹದಿನೆಂಟು ಅಂಕದ ಪತ್ರಿಕೆಯೊಂದನ್ನು ಹಿಡಿದು, ಸ್ಟಾಫ್ ರೂಮಿನ ನಡುವೆ ಎದ್ದು ನಿಂತು, ಚಾ ಕುಡಿಯುತ್ತಿದ್ದವರನ್ನೆಲ್ಲ ಸುಮ್ಮನಾಗಿಸಿ ಗಟ್ಟಿಯಾಗಿ ಓದಿದ್ದನ್ನೂ ಕಂಡಿದ್ದೇನೆ.

ಅವರ ಬಳಿ ಹಸಿರು ರಟ್ಟಿನ ಉದ್ದನೆಯ ನೋಟ್‌ಬುಕ್ ಒಂದಿತ್ತು. ಅದರಲ್ಲಿ ಇದ್ದದ್ದು ವಿದ್ಯಾರ್ಥಿಗಳ ತಪ್ಪು ಉತ್ತರಗಳು ಮಾತ್ರ. ಯಾರಾದರೂ ತರಗತಿಯಲ್ಲಿ ತಪ್ಪು ಹೇಳಿದರೆ ಪಾಠ ನಿಲ್ಲಿಸಿ, ಕನ್ನಡಕ ಏರಿಸಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುತ್ತಿದ್ದರು. ಹೆಸರು ಬರೆಯುತ್ತಿರಲಿಲ್ಲ, ಊರು ಮಾತ್ರ. "ಹೆಸರು ಬರೆದರೆ ಮಗುವಿನ ಮಾನ ಹೋಗ್ತದೆ. ಊರು ಬರೆದರೆ ಇಡೀ ಊರಿಗೆ ಹಂಚಿ ಹೋಗ್ತದಲ್ಲ!" ಎಂಬುದು ಅವರ ನ್ಯಾಯ. ಹಾಗೆ ಅದರಲ್ಲಿ ಹೀಗಿತ್ತು: 'ಬೆಳ್ತಂಗಡಿ, ಹುಡುಗ: ನಾನು ಪಾಸಾಗುವ ಸಂಭವನೀಯತೆ ಅರ್ಧ. ಏಕೆಂದರೆ ಒಂದೋ ಆಗುತ್ತೇನೆ, ಇಲ್ಲವೋ ಇಲ್ಲ.' 'ಧರ್ಮಸ್ಥಳ, ಹುಡುಗಿ: ಒಂದು ಊರಿನ ಜನರ ಬಗ್ಗೆ ತಿಳಿಯಬೇಕಾದರೆ ಆ ಊರಿನ ಲಾಡ್ಜಿನಲ್ಲಿ ಇರುವವರನ್ನು ವಿಚಾರಿಸಬೇಕು.' ಇದರ ಕೆಳಗೆ ಸರ್ ಕೆಂಪು ಶಾಯಿಯಲ್ಲಿ, 'ಆ ಊರಿನವ ಒಬ್ಬನೂ ಅಲ್ಲಿ ಇರುವುದಿಲ್ಲವಲ್ಲ!' ಎಂದು ಬರೆದುಕೊಂಡಿದ್ದರು.

ನನ್ನದೂ ಒಂದಿದೆ. ನಾನು ಬಂಟ್ವಾಳ ಪೇಟೆಯ ಚಪ್ಪಲಿ ಅಂಗಡಿಯವರ ಮಗಳು. ಇಪ್ಪತ್ತು ವರ್ಷದ ಹಿಂದೆ ಇದೇ ಸರ್ ಕೈಕೆಳಗೆ ಕಲಿತವಳು, ಈಗ ಅದೇ ಕಾಲೇಜಿನಲ್ಲಿ ಅದೇ ವಿಷಯ ಕಲಿಸುವವಳು. ಅಂದು ಅವರು ಕೇಳಿದ್ದು ಇಷ್ಟು: ನಾಣ್ಯವೊಂದನ್ನು ಐದು ಸಲ ಚಿಮ್ಮಿದಾಗ ಐದು ಸಲವೂ ಹೆಡ್ ಬಿತ್ತು. ಆರನೆಯ ಸಲ ಯಾವುದು ಬೀಳುವ ಸಂಭವ ಹೆಚ್ಚು? ಎರಡಕ್ಕೂ ಸಮಾನ ಎಂಬುದು ಪುಸ್ತಕದ ಉತ್ತರ. ನಾನು ಬರೆದದ್ದು, 'ಟೇಲ್. ಅದಕ್ಕೆ ಐದು ಸಲ ಅವಕಾಶವೇ ಸಿಕ್ಕಿಲ್ಲ, ಪಾಪ.' ಸರ್ ಆ 'ಪಾಪ'ವನ್ನು ಮೂರು ಸಲ ಓದಿದರು. ಇಡೀ ತರಗತಿ ನಕ್ಕಿತು. ಕೊನೆಗೆ ಅವರು ಹೇಳಿದ್ದು, "ನ್ಯಾಯ ನಿನಗೆ ಗೊತ್ತುಂಟು ಮಗಾ. ನಾಣ್ಯಕ್ಕೆ ಗೊತ್ತಿಲ್ಲ." ನಾನು ಮನೆಗೆ ಹೋಗಿ ನನ್ನ ತಾಯಿ, ಉಮ್ಮನ ಎದುರು ಅತ್ತಿದ್ದೆ. ಉಮ್ಮ ಕೂಡ ಟೇಲ್ ಎಂದೇ ಹೇಳಿದ್ದರಿಂದ ಸ್ವಲ್ಪ ಸಮಾಧಾನವಾಗಿತ್ತು.

ಇಂಥವರ ಕೈಗೆ ಆನ್‌ಲೈನ್ ಪಾಠ ಸಿಕ್ಕಿದರೆ ಏನಾಗಬಹುದು? ಕೊರೋನಾ ಬಂದು ಕಾಲೇಜು ಮುಚ್ಚಿ, ನಾವೆಲ್ಲ ಮನೆಯಲ್ಲಿ ಕೂತು ಪರದೆಗೆ ಪಾಠ ಮಾಡಲು ಹೊರಟಾಗ ಮೊದಲು ಕಂಗೆಟ್ಟವರು ಅವರು. ಅರುವತ್ತು ಕಪ್ಪು ಚೌಕಗಳು, ಒಂದೊಂದರ ಅಡಿಯಲ್ಲಿ ಒಂದೊಂದು ಹೆಸರು. ಹಾಜರಿ ಕರೆದಾಗ 'ಎಸ್ ಸಾರ್', ಆಮೇಲೆ ಸದ್ದೇ ಇಲ್ಲ. "ಸ್ಮಶಾನದಲ್ಲಿ ನಿಂತು ಭಾಷಣ ಮಾಡಿದ ಹಾಗೆ ಆಗ್ತದೆ. ತಪ್ಪು ಹೇಳ್ಲಿಕ್ಕೂ ಒಬ್ಬ ಬಾಯಿ ಬಿಡುವುದಿಲ್ಲ!" ಎಂದು ದಿನಾ ನನಗೆ ಫೋನ್. ಅದರಲ್ಲೂ ಕೊಕ್ಕಡದ ಒಬ್ಬ ಹುಡುಗ ಮೂರು ವಾರ ಹಾಜರಿ ಹೇಳಿದ್ದು ಬಿಟ್ಟರೆ ಒಂದಕ್ಷರ ಮಾತಾಡಿರಲಿಲ್ಲ. ಅವನದು ಸರ್‌ಗೆ ದೊಡ್ಡ ಮಂಡೆಬಿಸಿಯಾಯಿತು.

ಬಸ್ಸುಗಳು ಓಡಲು ಸುರುವಾದ ವಾರ ನಾನು ಬೆಳಿಗ್ಗೆ ಒಂಬತ್ತೂವರೆಯ ತರಗತಿ ತೆಗೆದುಕೊಳ್ಳುತ್ತಿದ್ದೆ. ಎಲ್ಲರ ಮೈಕ್ ಬಂದ್. ಇದ್ದಕ್ಕಿದ್ದ ಹಾಗೆ ಕೊಕ್ಕಡದ ಕಪ್ಪು ಚೌಕದಿಂದ ಸರ್ ಧ್ವನಿ ಗುಡುಗಿತು! "ಮೀಡಿಯನ್ ಅಂದರೆ ಎಂತ? ಹೇಳು!" ಸರ್ ಎರಡು ಬಸ್ಸು ಬದಲಾಯಿಸಿ, ಊರು ಕೇಳಿಕೊಂಡು, ಹುಡುಗನ ಬೆನ್ನ ಹಿಂದೆ ಹೋಗಿ ನಿಂತಿದ್ದರು. ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರಬ್ಬರ್ ಹಾಲಿನ ಬಕೆಟ್ ಹಿಡಿದು ಮರದಿಂದ ಮರಕ್ಕೆ ಹೋಗುತ್ತಿದ್ದವ, ಹೆದರಿ ಮೈಕ್ ಒತ್ತಿದ್ದ. "ಅತಿ ಹೆಚ್ಚು ಸಲ ಬರುವುದು ಸಾರ್," ಎಂದ. ತಪ್ಪು. ಅದು ಮೋಡ್. ಸರ್ ಅಲ್ಲೇ ಬಗಲಿನ ಚೀಲದಿಂದ ಹಸಿರು ನೋಟ್‌ಬುಕ್ ತೆಗೆದದ್ದೂ, 'ಕೊಕ್ಕಡ' ಎಂದು ಹೇಳಿಕೊಂಡು ಬರೆದದ್ದೂ ಅರುವತ್ತು ಮಂದಿಗೆ ಕೇಳಿಸಿತು.

ಹುಡುಗನ ಅಪ್ಪ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಹಾಲು ಸಂಗ್ರಹಿಸಲು ಬೇರೆ ಜನ ಇರಲಿಲ್ಲ. ಸರ್ ಆ ಅಪ್ಪನ ಮಂಚದ ಬಳಿ ಒಂದು ಗಂಟೆ ಕೂತು, ಚಾ ಕುಡಿದು, ವಾಪಸು ಬಂದು ಮೂರು ವಾರದ ಹಾಜರಿಯನ್ನೂ ಪೂರ್ತಿ ಹಾಕಿದರು. ತೋಟದಲ್ಲಿ ಇದ್ದವನಿಗೆ ಹಾಜರಿ ಹೇಗೆ ಎಂದು ಪ್ರಿನ್ಸಿಪಾಲರು ಆಕ್ಷೇಪಿಸಿದಾಗ, "ನಾನು ಹೋಗಿ ನೋಡಿದ್ದೇನಲ್ಲ! ಉಳಿದ ಐವತ್ತೊಂಬತ್ತು ಮಂದಿಯನ್ನು ನೀವು ನೋಡಿದ್ದೀರಾ?" ಎಂದರು. ಪ್ರಿನ್ಸಿಪಾಲರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು. ಹುಡುಗ ಮಾತ್ರ ಮರುವರ್ಷ ಓದು ಬಿಟ್ಟ. ಅದನ್ನು ಹೇಳುವಾಗ ಸರ್ ಮುಖ ನೋಡಲಾಗುತ್ತಿರಲಿಲ್ಲ.

ಸರ್ ನಿವೃತ್ತರಾದ ಮೇಲೆ ವಿಶ್ವವಿದ್ಯಾನಿಲಯವೊಂದರ ಆನ್‌ಲೈನ್ ವಿಭಾಗದವರು ನಮ್ಮ ಕಾಲೇಜಿಗೆ ಸಂಖ್ಯಾಶಾಸ್ತ್ರದ ಕೋರ್ಸ್ ಒಂದನ್ನು ತಯಾರಿಸಲು ಹೇಳಿದರು. ನಾನು ಸಂಚಾಲಕಿ. ಪಾಠಕ್ಕೆ ಸರ್ ಹೆಸರು ಕೊಟ್ಟೆ. ಯಾಕೆ ಕೊಟ್ಟೆನೋ! ಮೊದಲ ತರಬೇತಿಗೆ ಬೆಂಗಳೂರಿನಿಂದ ಬಂದ ಯುವಕ, ಕೋರ್ಸ್ ಹೇಗೆ ಎಂಗೇಜಿಂಗ್ ಆಗಿರಬೇಕು ಎಂದು ವಿವರಿಸುತ್ತಿದ್ದ. ಯಾವ ವಿಡಿಯೋವೂ ಆರು ನಿಮಿಷ ದಾಟಬಾರದು. ಸರಿ ಉತ್ತರ ಒತ್ತಿದ ತಕ್ಷಣ ಪರದೆಯಲ್ಲಿ ಒಂದು ಗಿಳಿ ಬಂದು ಚಪ್ಪಾಳೆ ತಟ್ಟಬೇಕು.

ಸರ್ ಕೈ ಎತ್ತಿದರು. "ತಪ್ಪು ಉತ್ತರ ಒತ್ತಿದವನಿಗೆ?"

"ಕೆಂಪು ಮಾರ್ಕ್ ಬರುತ್ತೆ ಸಾರ್. ಮತ್ತೆ ಪ್ರಯತ್ನಿಸಿ ಅಂತ."

"ಅಂದರೆ ಗೊತ್ತಿದ್ದವನಿಗೆ ಗಿಳಿ. ಗೊತ್ತಿಲ್ಲದವ ಒಬ್ಬನೇ ಕೂತು ಸಾಯ್ಬೇಕಾ?"

ಯುವಕ ನಕ್ಕ. ಸರ್ ನಗಲಿಲ್ಲ. ಹಸಿರು ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಡಿದು ತಮ್ಮ ಯೋಜನೆ ಮುಂದಿಟ್ಟರು. ನಲವತ್ತು ಪ್ರಶ್ನೆಗಳು. ಪ್ರತಿ ಪ್ರಶ್ನೆಗೂ ಒಂದು ಸರಿ ಉತ್ತರ, ಮೂರು ತಪ್ಪು ಉತ್ತರ. ಆ ಮೂರು ತಪ್ಪುಗಳೂ ನೋಟ್‌ಬುಕ್ಕಿನವು, ನಿಜವಾದ ಮಕ್ಕಳು ನಿಜವಾಗಿ ಮಾಡಿದ ತಪ್ಪುಗಳು. ಪ್ರತಿ ತಪ್ಪಿಗೂ ಬೇರೆ ಬೇರೆಯಾಗಿ ಸರ್ ಧ್ವನಿಯಲ್ಲಿ ಒಂದು ಮಾತು. ಯಾಕೆ ತಪ್ಪು, ಎಲ್ಲಿ ದಾರಿ ತಪ್ಪಿತು, ಇದೇ ತಪ್ಪನ್ನು ಮೊದಲು ಮಾಡಿದವರು ಯಾವ ಊರಿನವರು, ಅವರೂ ಆಮೇಲೆ ಹೇಗೆ ಸುಧಾರಿಸಿದರು, ಎಲ್ಲ.

"ಸರಿ ಉತ್ತರಕ್ಕೆ ಸಾರ್?"

"ಅವನಿಗೆ ನಾನು ಯಾಕೆ? ಒಂದು ಹಸಿರು ಟಿಕ್ ಹಾಕಿ ಕಳಿಸಿ."

ಹೀಗೆ ನಮ್ಮ ಕೋರ್ಸಿನಲ್ಲಿ ಗಿಳಿ ಹಾರಿಹೋಯಿತು. ನಲವತ್ತು ಪ್ರಶ್ನೆಗೆ ಮೂರರಂತೆ ನೂರ ಇಪ್ಪತ್ತು ಮಾತು ರೆಕಾರ್ಡ್ ಮಾಡುವುದೆಂದು ತೀರ್ಮಾನವಾಯಿತು. ಬೇಸಗೆ ರಜೆ ಇತ್ತು, ಅವಸರವಿರಲಿಲ್ಲ.

ಅವಸರ ಬಂದದ್ದು ಸರ್ ಗಂಟಲಿನಿಂದ. ಕೆಲವು ತಿಂಗಳಿಂದ ಧ್ವನಿ ಒಡೆದಿತ್ತು. ಆಯುಷ್ಯವಿಡೀ ಬೊಬ್ಬೆ ಹಾಕಿದ್ದಕ್ಕೆ ಇರಬೇಕು ಎಂದು ಅವರು, ಕಾಳುಮೆಣಸಿನ ಕಷಾಯ ಕುಡಿಯಿರಿ ಎಂದು ನಾವು. ಕೊನೆಗೆ ಅವರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುವವರು, ಹಟ ಹಿಡಿದು ಮಂಗಳೂರಿಗೆ ಕರೆದುಕೊಂಡು ಹೋದರು. ಬಯಾಪ್ಸಿಯ ಕಾಗದ ಬಂದ ದಿನ ನಾನೂ ಇದ್ದೆ. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಹದಿನೆಂಟು ದಿನ ಬಿಟ್ಟು ಆಪರೇಷನ್. ಆಮೇಲೆ ಮಾತು ಇಲ್ಲ.

ಡಾಕ್ಟರು ಸಮಾಧಾನಕ್ಕೆ, ನೂರರಲ್ಲಿ ಇಷ್ಟು ಮಂದಿ ಚೆನ್ನಾಗಿಯೇ ಬದುಕುತ್ತಾರೆ ಎಂದು ಲೆಕ್ಕ ಹೇಳಿದರು. ಹೇಳಬಾರದಿತ್ತು!

"ಆ ನೂರು ಯಾರು ಡಾಕ್ಟ್ರೇ?" ಸರ್ ಮುಂದೆ ಬಾಗಿದರು. "ಯಾವ ಊರಿನವರು? ಎಷ್ಟು ಪ್ರಾಯದವರು? ನಿಮ್ಮ ಹತ್ರ ವಾಪಸು ಬಂದವರನ್ನು ಮಾತ್ರ ಎಣಿಸಿದ್ದಾ, ಬಾರದವರನ್ನೂ ಎಣಿಸಿದ್ದಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ವಿಷಯ ಬದಲಾಯಿಸಿ, ಆಪರೇಷನ್ ತನಕ ಧ್ವನಿಗೆ ಪೂರ್ತಿ ವಿಶ್ರಾಂತಿ ಕೊಡಬೇಕು ಎಂದರು.

"ಉಳಿಸಿ ಇಟ್ಟು ಎಂತ ಮಾಡುವುದು? ಹದಿನೆಂಟು ದಿನ ಕಳೆದರೆ ನೀವೇ ತೆಗೀತೀರಲ್ಲ!"

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. "ಸರ್, ನೀವು ಒಂದು ಬೀಡಿ ಸೇದಿದವರಲ್ಲ. ನಿಮಗೆ ಯಾಕೆ ಬರಬೇಕಿತ್ತು?" ಎಂದೆ. ಅವರು ನನ್ನನ್ನೇ ನೋಡಿದರು. "ನೋಡು, ನೋಡು! ಪುನಃ ಅದೇ ತಪ್ಪು! ಟೇಲ್, ಪಾಪ!" ಎಂದು ಆ ಒಡೆದ ಗಂಟಲಿನಲ್ಲೇ ನಕ್ಕುಬಿಟ್ಟರು. ಅಕ್ಕ ಮಾತ್ರ ಸೆರಗನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಾ ಕೂತಿದ್ದರು.

ಮರುದಿನದಿಂದಲೇ ರೆಕಾರ್ಡಿಂಗ್. ಸ್ಟುಡಿಯೋಗೆ ಓಡಾಡುವ ಶಕ್ತಿ ಅವರಿಗಿರಲಿಲ್ಲ, ಹಾಗಾಗಿ ನರಿಕೊಂಬಿನ ಅವರ ಮನೆಯ ಎದುರು ಕೋಣೆಯೇ ಸ್ಟುಡಿಯೋ. ನನ್ನ ಫೋನು, ಆನ್‌ಲೈನ್ ವಿಭಾಗದವರು ಕೊಟ್ಟ ಒಂದು ಮೈಕು, ಕಿಟಕಿಗೆ ಎರಡು ಕಂಬಳಿ. ಫ್ಯಾನ್ ಹಾಕಿದರೆ ಗಾಳಿ ಸದ್ದು, ಹಾಕದಿದ್ದರೆ ಬೆವರು. ದಿನಕ್ಕೆ ಏಳೆಂಟು ಮಾತು ಮುಗಿದರೆ ಪುಣ್ಯ. ಐದನೆಯ ಮಾತಿಗೆ ಗಂಟಲು ಕಟ್ಟುತ್ತಿತ್ತು, ಆರನೆಯದಕ್ಕೆ ಕೆಮ್ಮು, ಏಳನೆಯದು ಮುಗಿದಾಗ ಕರವಸ್ತ್ರದಲ್ಲಿ ಕೆಂಪು ಚುಕ್ಕೆ. ಅದನ್ನು ಅವರು ಮಡಚಿ ಕಿಸೆಗೆ ಹಾಕಿಕೊಳ್ಳುವುದನ್ನು ನಾನೂ ಅಕ್ಕನೂ ನೋಡಿಯೂ ನೋಡದಂತೆ ಇರುತ್ತಿದ್ದೆವು.

ಆದರೆ ಕುಶಾಲಿಗೇನೂ ಕೊರತೆ ಇರಲಿಲ್ಲ! 'ಒಂದೋ ಪಾಸು, ಇಲ್ಲವೋ ಇಲ್ಲ, ಹಾಗಾಗಿ ಅರ್ಧ' ಎಂಬ ಬೆಳ್ತಂಗಡಿಯ ಉತ್ತರವನ್ನು ಆರಿಸಿದವರಿಗೆ ಅವರ ಮಾತು ಹೀಗಿದೆ: "ಬಾ ಮಗಾ, ಕೂತ್ಕೊ. ನಿನಗಿಂತ ಮೊದಲು ಬೆಳ್ತಂಗಡಿಯವ ಒಬ್ಬ ಇಲ್ಲಿ ಕೂತಿದ್ದ. ನಾಳೆ ಬೆಳಿಗ್ಗೆ ನಿಮ್ಮ ಮನೆ ಅಂಗಳದಲ್ಲಿ ಆನೆ ಉಂಟಾ? ಒಂದೋ ಉಂಟು, ಇಲ್ಲವೋ ಇಲ್ಲ. ಹಾಗಂತ ಅರ್ಧ ಆನೆಗೆ ಹುಲ್ಲು ತಂದು ಇಡ್ತೀಯಾ?" ಇದನ್ನು ಹೇಳಿ ಅವರೇ ನಕ್ಕು, ನಗು ಕೆಮ್ಮಾಗಿ, ಮೂರು ಸಲ ರೆಕಾರ್ಡ್ ಮಾಡಬೇಕಾಯಿತು.

ನನ್ನ ನಾಣ್ಯದ ಸರದಿ ಬಂದಾಗ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಲೂ ಇಲ್ಲ. ಮೈಕ್ ಹಿಡಿದು ಕೂತ ನನ್ನ ಕಡೆ ನೋಡಿಕೊಂಡೇ ಹೇಳಿದರು: "ಪಾಪ ಅಂತ ಹೇಳಿದ್ದಲ್ವಾ ನೀನು? ಒಳ್ಳೆಯ ಮನಸ್ಸು. ಆದರೆ ಹಿಂದೆ ಎಂತ ಬಿತ್ತು ಅಂತ ನಾಣ್ಯಕ್ಕೆ ನೆನಪಿಲ್ಲ ಮಗಾ. ನೆನಪು ನಮಗೆ ಮಾತ್ರ ಇರುವುದು." ನಾನು ಫೋನಿನ ಪರದೆಯನ್ನು ನೋಡುತ್ತಾ ಕೂತೆ. ರೆಕಾರ್ಡಿಂಗ್ ನಿಲ್ಲಿಸಲು ಮರೆತೇ ಹೋಯಿತು.

ಇನ್ನು ಹದಿನಾಲ್ಕನೇ ಪ್ರಶ್ನೆ. ಪ್ರಶ್ನೆ ಇದು: ಮೀನಿನ ಗಾಡಿ ಬರುವ ಸಮಯದ ಸರಾಸರಿ ಬೆಳಿಗ್ಗೆ ಹತ್ತು ಗಂಟೆ. ಹಾಗಾದರೆ ನಾಳೆ ಅದು ಎಷ್ಟು ಗಂಟೆಗೆ ಬರುತ್ತದೆ? ಹತ್ತರ ಆಸುಪಾಸು, ಖಚಿತವಾಗಿ ಹೇಳಲಾಗದು ಎಂಬ 'ಬಿ' ಸರಿ ಉತ್ತರ. ಸರಿಯಾಗಿ ಹತ್ತಕ್ಕೇ ಎಂಬ 'ಸಿ' ತಪ್ಪು. ಸರ್ 'ಸಿ'ಗೆ ಮಾತು ಸುರುಮಾಡಿದರು. "ಸರಾಸರಿ ಹತ್ತು ಅಂದರೆ ಅವ ಗಡಿಯಾರ ನೋಡಿಕೊಂಡು ಹತ್ತಕ್ಕೇ ಬಂದು ನಿಲ್ತಾನೆ ಅಂತ ಅಲ್ಲ ಮಗಾ. ಒಂದು ದಿನ ಒಂಬತ್ತೂವರೆ, ಒಂದು ದಿನ ಹತ್ತೂವರೆ..."

ಅಷ್ಟರಲ್ಲಿ ರಸ್ತೆಯಲ್ಲಿ ಪೋಂ ಪೋಂ! ಮೀನಿನ ಗಾಡಿ! ನಾನು ಗೋಡೆ ನೋಡಿದೆ. ಗಡಿಯಾರದಲ್ಲಿ ಸರಿಯಾಗಿ ಹತ್ತು ಗಂಟೆ!

ಬೇರೆಯವರಾದರೆ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದರು. ಸರ್ ನಿಲ್ಲಿಸಲಿಲ್ಲ. "ಬಂದನಲ್ಲ! ಹತ್ತಕ್ಕೇ ಬಂದ! ಆದರೂ ನಿನ್ನ ಉತ್ತರ ತಪ್ಪೇ, ತಿಳೀತಾ?" ಎಂದು ಮೈಕಿಗೆ ಹೇಳಿ, ಕತ್ತು ತಿರುಗಿಸಿ ಒಳಗೆ ಕೂಗಿದರು, "ಕೇಳಿತಾ? ಗಾಡಿ ಬಂತು! ಬಂಗುಡೆ ಉಂಟಾ ಕೇಳು ಮಾರಾಯ್ತಿ!" ಒಳಗಿನಿಂದ ಅಕ್ಕ, "ಹ್ಞಾಂ, ಹೋದೆ!" ಎಂದರು. "ಮೊನ್ನೆಯ ಹಾಗೆ ಹಳತು ತರಬೇಡ, ಕಣ್ಣು ನೋಡಿ ತೆಕ್ಕೋ!" ಎಂದು ಸರ್. ಅದೆಲ್ಲವೂ ರೆಕಾರ್ಡ್ ಆಯಿತು. ಇದನ್ನು ಕತ್ತರಿಸೋಣ ಎಂದು ನಾನು ಕೇಳಿದ್ದಕ್ಕೆ, "ಯಾಕೆ? ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗ್ತದೆ?" ಎಂದರು. ಕತ್ತರಿಸಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಕೊನೆಯ ಮಾತು, ನೂರ ಇಪ್ಪತ್ತನೆಯದು. ಆ ಧ್ವನಿಯಿಂದ ಈ ಲೋಕಕ್ಕೆ ಕೊನೆಯದಾಗಿ ದಾಖಲಾಗುವ ಮಾತು ಎಂದು ನಾನು ಕಿವಿಗೊಟ್ಟು ಕೂತಿದ್ದೆ. ಏನಾದರೂ ದೊಡ್ಡದು ಹೇಳುತ್ತಾರೆ ಎಂದು ಎಣಿಸಿದ್ದೆ. ಅವರು ಚಾರ್ಟು ಓದುವಾಗ ಅಡ್ಡಗೆರೆಯನ್ನೂ ಉದ್ದಗೆರೆಯನ್ನೂ ಅದಲು ಬದಲು ಮಾಡುವ ತಪ್ಪನ್ನು ವಿವರಿಸಿ ಮುಗಿಸಿ, "ಆಯ್ತಲ್ಲ? ಆ ಫ್ಯಾನ್ ಹಾಕು ಮಾರಾಯ್ತಿ, ಬೆಂದು ಹೋದೆ," ಎಂದರು. ಅಷ್ಟೆ! ಫ್ಯಾನ್ ಹಾಕಿ ನಾನು ಅಂಗಳಕ್ಕೆ ಹೋಗಿ ನಿಂತೆ.

ಆಪರೇಷನ್ ಆಯಿತು. ಕುತ್ತಿಗೆಯ ಕೆಳಗೆ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆಯ ತುಂಡು. ಗಂಟಲಿಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟು ನೋಡಿದರು. ಸರ್ ಅದನ್ನು ಎರಡು ದಿನ ಉಪಯೋಗಿಸಿ ಪೆಟ್ಟಿಗೆಗೆ ಹಾಕಿ, ಕಾಗದದಲ್ಲಿ ಬರೆದು ತೋರಿಸಿದರು: 'ಇದರಲ್ಲಿ ಬೈಯ್ಲಿಕ್ಕೆ ಆಗುವುದಿಲ್ಲ.' ಆಮೇಲಿಂದ ಎಲ್ಲ ಮಾತೂ ಕಾಗದದಲ್ಲೇ. ಸಿಟ್ಟು ಬಂದರೆ ಅಕ್ಷರ ದೊಡ್ಡದಾಗುತ್ತಿತ್ತು. ಆದರೆ ದಿನ ಕಳೆದಂತೆ ಬರೆಯುವುದೂ ಕಮ್ಮಿಯಾಯಿತು. ನಾನು ಹೋದಾಗ ಹಸಿರು ನೋಟ್‌ಬುಕ್ ಮಡಿಲಲ್ಲಿ ಇಟ್ಟುಕೊಂಡು ರಸ್ತೆ ನೋಡುತ್ತಾ ಕೂತಿರುತ್ತಿದ್ದರು. ಅವರ ಮನೆಯಲ್ಲಿ ಅಷ್ಟು ಮೌನವನ್ನು ನಾನು ಎಂದೂ ಕಂಡವಳಲ್ಲ. ನಿಜ ಹೇಳುತ್ತೇನೆ, ಆಮೇಲಾಮೇಲೆ ಹೋಗಲು ನೆಪ ಹುಡುಕದೆ, ಹೋಗದಿರಲು ನೆಪ ಹುಡುಕಿದೆ.

ಕೋರ್ಸ್ ಸುರುವಾಯಿತು. ಮೂರು ತಿಂಗಳಾಗುವಾಗ ಆನ್‌ಲೈನ್ ವಿಭಾಗದಿಂದ ನನಗೊಂದು ಮೇಲ್ ಬಂತು. ಹದಿನಾಲ್ಕನೇ ಪ್ರಶ್ನೆಯಲ್ಲಿ ಏನೋ ದೋಷವಿದೆಯಂತೆ. ನೋಂದಾಯಿತ ವಿದ್ಯಾರ್ಥಿಯೊಬ್ಬರು ಅದಕ್ಕೆ ಪ್ರತಿ ದಿನವೂ, ಕೆಲವು ದಿನ ನಾಲ್ಕೈದು ಸಲ, 'ಸಿ' ಎಂಬ ತಪ್ಪು ಉತ್ತರವನ್ನೇ ಒತ್ತುತ್ತಿದ್ದಾರೆ. ಬೇರೆ ಪ್ರಶ್ನೆಗಳಿಗೂ ಒಂದಾದರೂ ಸರಿ ಉತ್ತರವಿಲ್ಲ. ಇದು ಒಂದೋ ಯಾವುದೋ ಯಂತ್ರದ ಕೈಚಳಕ, ಇಲ್ಲವಾದರೆ ಧ್ವನಿ ವಿವರಣೆಗಳು ವಿದ್ಯಾರ್ಥಿಗಳನ್ನು ಗೊಂದಲಕ್ಕೆ ತಳ್ಳುತ್ತಿವೆ. ಆದ್ದರಿಂದ ಆ ನೂರ ಇಪ್ಪತ್ತು ಧ್ವನಿಗಳನ್ನು ತೆಗೆದು ಕಂಪ್ಯೂಟರ್ ಧ್ವನಿಯಲ್ಲಿ 'ತಪ್ಪು ಉತ್ತರ, ಮತ್ತೆ ಪ್ರಯತ್ನಿಸಿ' ಎಂದು ಹಾಕಲು ಸಂಚಾಲಕರ ಒಪ್ಪಿಗೆ ಬೇಕು, ವಾರದೊಳಗೆ. ಮಾದರಿಗೆಂದು ಆ ಧ್ವನಿಯನ್ನೂ ಕಳಿಸಿದ್ದರು. ಕೇಳಿದೆ. ಸ್ಪಷ್ಟವಾಗಿತ್ತು, ನಯವಾಗಿತ್ತು. ಯಾರ ಮೇಲೂ ಸಿಟ್ಟಿಲ್ಲದ ಧ್ವನಿ, ಯಾರ ಪರಿಚಯವೂ ಇಲ್ಲದ ಧ್ವನಿ.

ಸರ್ ಆ ಧ್ವನಿಗಳನ್ನು ಗಂಟಲಿನ ನೆತ್ತರು ಒರೆಸಿಕೊಂಡು ಮಾಡಿದ್ದು. ಈಗ ಅವನ್ನು ಒರೆಸಿಹಾಕಲು ನಾನು ಸಹಿ ಮಾಡಬೇಕಿತ್ತು! ಯಾರಪ್ಪ ಈ ಕಡು ದಡ್ಡ ಎಂದು ಸಿಟ್ಟಿನಿಂದಲೇ ಆ ವಿದ್ಯಾರ್ಥಿಯ ಹೆಸರು ತೆರೆದು ನೋಡಿದೆ. ನೋಡಿದವಳು ಕುರ್ಚಿಯಿಂದ ಏಳಲಿಲ್ಲ. ಕೋರ್ಸನ್ನು ಪರೀಕ್ಷೆ ಮಾಡಿ ನೋಡಲು ಆರಂಭದಲ್ಲಿ ಒಂದು ಹೆಸರು ನೋಂದಾಯಿಸಬೇಕು ಎಂದಾಗ ಸರ್ ತಮಾಷೆಗೆ ಕೊಟ್ಟ ಹೆಸರು ಅದು. ಅಕ್ಕನದು.

ಮರುದಿನ ಬೆಳಿಗ್ಗೆ ನರಿಕೊಂಬಿಗೆ ಹೋದೆ. ಬಾಗಿಲು ತೆರೆದಿತ್ತು. ಅದೇ ಎದುರು ಕೋಣೆ. ಸರ್ ಕುರ್ಚಿಯಲ್ಲಿ, ಪಕ್ಕದ ಮಣೆಯ ಮೇಲೆ ಅಕ್ಕ. ಎದುರು ಸ್ಟೂಲಿನ ಮೇಲೆ ಫೋನು ನಿಲ್ಲಿಸಿತ್ತು. ಅಕ್ಕ ತೋರುಬೆರಳಿನಿಂದ ನಿಧಾನವಾಗಿ 'ಸಿ' ಒತ್ತಿದರು. ಒಡೆದ, ಆದರೆ ಜೀವ ತುಂಬಿದ ಆ ಧ್ವನಿ ಕೋಣೆಯಿಡೀ ಹರಡಿತು. ಸರಾಸರಿ ಹತ್ತು ಅಂದರೆ ಹತ್ತಕ್ಕೇ ಬಂದು ನಿಲ್ತಾನೆ ಅಂತ ಅಲ್ಲ ಮಗಾ. ಆಮೇಲೆ ಪೋಂ ಪೋಂ. ಆಮೇಲೆ, "ಕೇಳಿತಾ? ಗಾಡಿ ಬಂತು! ಬಂಗುಡೆ ಉಂಟಾ ಕೇಳು ಮಾರಾಯ್ತಿ!"

"ಹ್ಞಾಂ, ಹೋದೆ," ಎಂದರು ಅಕ್ಕ. ಫೋನಿನೊಳಗಿನ ಅಕ್ಕನೂ ಹೊರಗಿನ ಅಕ್ಕನೂ ಒಟ್ಟಿಗೆ.

ನನ್ನನ್ನು ನೋಡಿ ಅವರಿಗೆ ನಾಚಿಕೆಯಾಯಿತು. "ಅಕ್ಕ, ಸರಿ ಉತ್ತರ ಯಾವುದು ಅಂತ ನಿಮಗೆ ಗೊತ್ತಿಲ್ವಾ?" ಎಂದು ಕೇಳಿದೆ.

"ಗೊತ್ತುಂಟು. ಬಿ ಅಲ್ವಾ? ಎಲ್ಲದರದ್ದೂ ಬಾಯಿಪಾಠ ಉಂಟು ನನಗೆ." ಅಕ್ಕ ಫೋನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ಸರಿ ಒತ್ತಿದರೆ ಇವರು ಮಾತಾಡುವುದಿಲ್ಲ. ಒಂದು ಹಸಿರು ಟಿಕ್ ಬರ್ತದೆ, ಅಷ್ಟೆ."

ಅಕ್ಕ ಮತ್ತೊಮ್ಮೆ ಬೆರಳು ಚಾಚಿದರು. ಸರ್‌ಗೆ ತಡೆಯಲಾಗಲಿಲ್ಲ, ಎಷ್ಟೆಂದರೂ ಮೇಷ್ಟ್ರು! ಪೆನ್ನಿನ ತುದಿಯಿಂದ ಪರದೆಯ ಮೇಲೆ 'ಬಿ'ಯನ್ನು ತೋರಿಸಿ ಟಕಟಕ ಕುಟ್ಟಿದರು. ಅಕ್ಕ ಅವರ ಕೈಯನ್ನು ಆಚೆ ಸರಿಸಿ 'ಸಿ' ಒತ್ತಿದರು. ಧ್ವನಿ ಸುರುವಾಯಿತು. ಸರ್ ಪುನಃ ಕುಟ್ಟಿದರು.

"ನೀವು ಸ್ವಲ್ಪ ಸುಮ್ಮನಿರಿ," ಎಂದರು ಅಕ್ಕ, ಕಣ್ಣು ಫೋನಿನಿಂದ ತೆಗೆಯದೆ. "ಅವರು ಮಾತಾಡ್ತಾ ಇದ್ದಾರೆ."

ಸರ್ ಪೆನ್ನು ಕೆಳಗಿಟ್ಟರು. ಕೊನೆಯವರೆಗೆ ನಾವು ಮೂವರೂ ಕೇಳಿದೆವು. ಹಳತು ತರಬೇಡ, ಕಣ್ಣು ನೋಡಿ ತೆಕ್ಕೋ ಎಂಬ ಕಡೆ ಸರ್ ಎಡಗೈ ಹೋಗಿ ಅಕ್ಕನ ಹೆಗಲ ಮೇಲೆ ಕೂತಿತು.

ಆನ್‌ಲೈನ್ ವಿಭಾಗಕ್ಕೆ ಅಲ್ಲಿಂದಲೇ ಉತ್ತರ ಬರೆದೆ: 'ವಿದ್ಯಾರ್ಥಿನಿಯನ್ನು ಖುದ್ದಾಗಿ ಭೇಟಿಯಾಗಿ ವಿಚಾರಿಸಿದ್ದೇನೆ. ಯಂತ್ರವಲ್ಲ. ಹದಿನಾಲ್ಕನೇ ಪ್ರಶ್ನೆಯಲ್ಲಿ ಯಾವ ದೋಷವೂ ಇಲ್ಲ. ಈ ಕೋರ್ಸಿನಲ್ಲಿ ಇವರಷ್ಟು ಮನಸ್ಸಿಟ್ಟು ಕೂತ ವಿದ್ಯಾರ್ಥಿ ಬೇರೆ ಯಾರೂ ಇಲ್ಲ. ಧ್ವನಿಗಳನ್ನು ತೆಗೆಯಲು ನನ್ನ ಒಪ್ಪಿಗೆ ಇಲ್ಲ.' ಒಂದು ವಾರ ಕಾದೆ. 'ಸರಿ' ಎಂದು ಒಂದೇ ಪದದ ಮರುತ್ತರ ಬಂತು.

ಈಗ ಬೆಳಿಗ್ಗೆ ಕಾಲೇಜಿಗೆ ಬಂದ ಕೂಡಲೇ ನಾನು ಕೋರ್ಸಿನ ದಾಖಲೆ ತೆರೆದು ನೋಡುತ್ತೇನೆ. ಹದಿನಾಲ್ಕನೇ ಪ್ರಶ್ನೆಗೆ ಅಕ್ಕನ ತಪ್ಪು ಉತ್ತರ ದಿನಾ ಬರುತ್ತದೆ. ಬರುವ ಸಮಯದ ಸರಾಸರಿ ತೆಗೆದಿದ್ದೇನೆ, ಹತ್ತು ಗಂಟೆ. ಸರಾಸರಿ ಹತ್ತು ಎಂದ ಮಾತ್ರಕ್ಕೆ ಹತ್ತಕ್ಕೇ ಬರಬೇಕೆಂದಿಲ್ಲ, ಒಂದು ದಿನ ಒಂಬತ್ತೂವರೆ, ಒಂದು ದಿನ ಹತ್ತೂವರೆ. ಇದನ್ನು ನನಗೆ ಕಲಿಸಿದವರೇ ಸರ್. ಆದರೂ ಹತ್ತೂ ಕಾಲಾದರೂ ಆ ತಪ್ಪು ಉತ್ತರ ಬಾರದಿದ್ದರೆ ನಾನು ತರಗತಿಗೆ ಹೋಗದೆ ಕಾಯುತ್ತೇನೆ, ಕೈಯಲ್ಲಿ ಫೋನು ಹಿಡಿದು.